ಪಾಯಾಕ್ಕ ಎಣ್ಣಿ

ಪಕ್ಕದ ಮನೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: "ಬೆಳಿಗ್ಗೆ ಪಕ್ಕದವರು ಹೋದರು. ಕಾಲೇಜಿಗೆ ರಜೆ ಹಾಕಲಿಲ್ಲ." ಎರಡನೆಯ ವಾಕ್ಯವನ್ನು ಯಾರಿಗೆ ಉತ್ತರವೆಂದು ಬರೆದೆನೋ ತಿಳಿಯದು. ಹನ್ನೊಂದು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ ಮನುಷ್ಯ. ಅವರ ಬಗ್ಗೆ ಒಳ್ಳೆಯದನ್ನು ಬರೆಯೋಣವೆಂದರೆ ಕೈ ಏಳುವುದಿಲ್ಲ. ಕೆಟ್ಟದ್ದನ್ನು ಬರೆಯೋಣವೆಂದರೆ, ಅದು ನಡೆದದ್ದೋ ಅಥವಾ ಸಿಟ್ಟಿನಲ್ಲಿ ನಾನೇ ಆಮೇಲೆ ಕೂಡಿಸಿಕೊಂಡದ್ದೋ ಎಂಬ ಅನುಮಾನ ಕಾಡುತ್ತದೆ. ಆದ್ದರಿಂದ ಡೈರಿಯಲ್ಲಿ ಇದ್ದದ್ದು ಯಾವುದು, ತಲೆಯಲ್ಲಿ ಇದ್ದದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಬರೆಯುತ್ತೇನೆ.

ಅವರು ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಹಾಗೇ ಕೂತವರಲ್ಲ. ಮೊದಲು ಬೀಗದ ಕೈಗಳ ಗೊಂಚಲಿನಿಂದ ಕುರ್ಚಿಯ ಕಾಲನ್ನು ಎರಡು ಸಲ ಬಡಿದು, ತಲೆ ವಾರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಬಾಗಿಲಿನ ಚೌಕಟ್ಟು, ಆಮೇಲೆ ಕಿಟಕಿ. ಟೊಳ್ಳು ಸದ್ದು ಬಂದರೆ ಮುಖ ಅರಳುತ್ತಿತ್ತು. "ಒಳಗ ಒರಲಿ ಹತ್ತೈತಿ. ಕಟಗಿ ಸುಳ್ಳ ಹೇಳೂದಿಲ್ಲ," ಎನ್ನುತ್ತಿದ್ದರು. ಗೆದ್ದಲಿಗೆ ಅವರ ಬಾಯಲ್ಲಿ ಒರಲಿ ಎಂದೇ ಹೆಸರು. ಮನುಷ್ಯರು ಹೇಳಿದ ಯಾವ ಮಾತನ್ನೂ ನಂಬದ ಅವರು ಕಟ್ಟಿಗೆ ಹೇಳಿದ್ದನ್ನು ಮಾತ್ರ ನಂಬುತ್ತಿದ್ದರು.

ನಮ್ಮ ಕಾಲೊನಿ ದಿಲ್‌ಸುಖ್‌ನಗರದ ಮುಖ್ಯ ರಸ್ತೆಯಿಂದ ಒಳಕ್ಕಿದೆ. ನಮ್ಮ ಗಲ್ಲಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ: ಅವರದು ಮತ್ತು ನಮ್ಮದು. ಅವರು ಮಾನ್ವಿ ಕಡೆಯ ಹತ್ತಿ ಬೆಳೆಯುವ ಮನೆತನದವರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡು ನಿವೃತ್ತರಾದವರು. ನಾವು ಧಾರವಾಡದವರು. ಅಪ್ಪನ ಸರಕಾರಿ ನೌಕರಿಯ ಕಾರಣ ನಾನು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನ ಕ್ವಾರ್ಟರ್ಸುಗಳಲ್ಲಿ. ಅಪ್ಪ ತೀರಿಕೊಂಡ ಮೇಲೆ ನಾನು, ಅವ್ವ ಸೇರಿ ಕಟ್ಟಿಸಿದ ಮನೆ ಇದು. ಸೈಟು ಚಿಕ್ಕದಾಗಿದ್ದರಿಂದ ಒಂದು ಬದಿ ಅವರ ಗೋಡೆಗೇ ನಮ್ಮ ಗೋಡೆ.

ಅವರ ಮನೆಯಲ್ಲಿ ಬಾಗಿಲು ಚೌಕಟ್ಟುಗಳನ್ನು ಬಿಟ್ಟರೆ ನೆಲಕ್ಕೆ ತಾಗುವ ಕಟ್ಟಿಗೆ ಒಂದೂ ಇರಲಿಲ್ಲ. ಮಂಚ ಕಬ್ಬಿಣದ್ದು, ಅಲಮಾರಿ ಕಬ್ಬಿಣದ್ದು, ದೇವರು ಕೂತದ್ದು ಕಲ್ಲಿನ ಹಲಗೆಯ ಮೇಲೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಟಾರ್ಚ್ ಹಿಡಿದು ಮನೆಯ ಸುತ್ತ ಬಗ್ಗಿಕೊಂಡು ನಡೆಯುತ್ತಿದ್ದರು. ಗೋಡೆಯ ಬುಡದಲ್ಲಿ ದಾರದಷ್ಟು ಮಣ್ಣಿನ ಗೆರೆ ಕಂಡರೂ ಸಾಕು, ಬೀಗದ ಕೈಯಿಂದ ಕೆರೆದು ಉದುರಿಸಿ, ಅಲ್ಲಿಂದ ಹೊರಬಿದ್ದ ಬಿಳಿ ಹುಳಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತುತ್ತಿದ್ದರು. "ರಸ್ತಾ ಮಾಡ್ಕೊಂಡು ಬರ್ತಾವ್ ನೋಡ್ರಿ, ಮಕ್ಕಳು, ಕಂಟ್ರಾಕ್ಟರ್ ಇಲ್ಲ, ಟೆಂಡರ್ ಇಲ್ಲ!" ಎಂದು ಒಮ್ಮೆ ನನಗೆ ಹೇಳಿದ್ದರು. ಅದು ಅವರ ಬಾಯಿಂದ ನಾನು ಕೇಳಿದ ಒಂದೇ ತಮಾಷೆ. ನಾನು ನಗಲಿಲ್ಲ.

ರಟ್ಟಿನ ಡಬ್ಬಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಯಾರ ಮನೆಗೆ ಪಾರ್ಸೆಲ್ ಬಂದರೂ ಗೇಟಿನಲ್ಲೇ ಒಡೆಸಿ, ಡಬ್ಬಿಯನ್ನು ಅಲ್ಲೇ ಹರಿದು ಹಾಕಿಸುತ್ತಿದ್ದರು. ಒಮ್ಮೆ ನಾನು ಕಾಲೇಜಿನಿಂದ ತಂದ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ನಮ್ಮ ಗೇಟಿನೊಳಗೆ ನೆಲದ ಮೇಲೆ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಪುಸ್ತಕಗಳು ನಡು ರಸ್ತೆಯಲ್ಲಿ, ಬೇಸಿಗೆಯ ಬಿಸಿಲಲ್ಲಿ, ಹೊಟ್ಟೆ ಬಿಚ್ಚಿ ಬಿದ್ದಿದ್ದವು. ಒಂದು ಪುಸ್ತಕದ ಮೇಲೆ ಸ್ಕೂಟರಿನ ಗಾಲಿಯ ಗುರುತಿತ್ತು.

"ಏನ್ ಮಾಡೀರಿ ಇದು? ಯಾರನ್ನ ಕೇಳಿ ಒಳಗ ಬಂದ್ರಿ?" ಎಂದು ಕೂಗಿದೆ.

"ಬಿಸಲಿಗೆ ಹಾಕೇನಿ, ಬೆಂಕಿಗೆ ಹಾಕಿಲ್ಲ. ಉಪಕಾರ ಮಾಡ್ಯಾರಂತ ನೆನೀರಿ, ಪ್ರೊಫೆಸರಬಾಯಾರ," ಎಂದರು.

ನಾನು ಪ್ರೊಫೆಸರ್ ಅಲ್ಲ, ಲೆಕ್ಚರರ್. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಗೆದ್ದಲು ಇತ್ತೇ ಎಂದು ಈಗ ಯಾರಾದರೂ ಕೇಳಿದರೆ, ಇತ್ತು ಎಂದೇ ಹೇಳಬೇಕಾಗುತ್ತದೆ. ಡೈರಿಯಲ್ಲಿ ನಾನದನ್ನು ಬರೆದಿಲ್ಲ, ಆದರೆ ಕಂಡದ್ದು ನೆನಪಿದೆ. ಅವರ ಜೊತೆಗಿನ ತೊಂದರೆಯೇ ಅದು. ಅವರು ಹೇಳಿದ್ದು ಹೆಚ್ಚಿನ ಸಲ ನಿಜವಾಗಿರುತ್ತಿತ್ತು. ಎದುರು ಮನೆಯ ಗೃಹಪ್ರವೇಶದಲ್ಲಿ, ಪುರೋಹಿತರು ಮಂತ್ರ ಹೇಳುತ್ತಿರುವಾಗಲೇ, ಹೂವಿನ ಹಾರ ಸರಿಸಿ ಹೊಸ ಬಾಗಿಲನ್ನು ಬಡಿದು, ಇದು ಸಾಗವಾನಿಯೇ ಅಲ್ಲ ಎಂದು ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಹೇಳಿದರು. ಮನೆಯ ಯಜಮಾನನ ಮುಖ ನೋಡಲಾಗಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಆ ಬಾಗಿಲು ಸೊಟ್ಟಗಾಯಿತು. ಆದರೆ ಆ ಗಲ್ಲಿಯಲ್ಲಿ ಬಾಗಿಲು ಮಾರಿದವನನ್ನು ಯಾರೂ ಬೈಯಲಿಲ್ಲ. ಎಲ್ಲರೂ ಬೈದದ್ದು ಇವರನ್ನೇ.

ಇನ್ನು ನಮ್ಮ ಮನೆಯ ಪಾಯದ ವಿಷಯ.

ಪಾಯ ತೋಡಿದ್ದ ವಾರ ಅವರು ತಮ್ಮ ಮಾಳಿಗೆಯ ಮೇಲೆ ನಿಂತು, ನಮಸ್ಕಾರವಿಲ್ಲ ಹೆಸರು ಕೇಳುವುದಿಲ್ಲ, ನೇರವಾಗಿ ಹೇಳಿದ ಮೊದಲ ಮಾತು ಇದು: "ಪಾಯಾಕ್ಕ ಎಣ್ಣಿ ಹೊಡಸ್ರಿ. ಮುಚ್ಚೂಕಿಂತ ಮೊದಲ ಹೊಡಸ್ರಿ. ಈಗ ಬಿಟ್ರ ಮುಂದ ಅಳ್ತೀರಿ." ಹೇಳಿ ಒಳಗೆ ಹೋದರು.

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಪಾಯಕ್ಕೆ ಎಣ್ಣೆ? ಇತ್ತೀಚಿನ ಹುಡುಗರ ಮಾತಿನಲ್ಲಿ ಎಣ್ಣೆ ಹೊಡೆಯುವುದೆಂದರೆ ಕುಡಿಯುವುದು. ಕೆಲಸದವರಿಗೆ ಕುಡಿಸಿ ಎನ್ನುತ್ತಿದ್ದಾರೇನೋ ಎಂದು ನಾನು ಅಂಜಿದೆ. ಅವ್ವ ಬೈದಳು: "ಛೀ, ವಯಸ್ಸಾದ ಮನುಷ್ಯಾ ಅಂಥಾ ಮಾತಾಡ್ತಾರೇನು? ಅವರ ಕಡೀದು ಏನೋ ಶಾಸ್ತ್ರ ಇರಬೇಕು. ಶನಿ ಕಾಟ ಇರಬಾರದಂತ ಎಳ್ಳೆಣ್ಣಿ ಹಾಕ್ತಾರ." ಹೋಗಿ ಅವರನ್ನೇ ಕೇಳಬಹುದಾಗಿತ್ತು. ಕೇಳಲಿಲ್ಲ. ತೆಲುಗಿನವರ ಮಾತು ತಿಳಿಯದಿದ್ದರೆ ಎರಡು ಸಲ ಕೇಳುವುದಕ್ಕೆ ನಮಗೆ ನಾಚಿಕೆಯಿಲ್ಲ. ಗಲ್ಲಿಗೆ ಒಬ್ಬನೇ ಕನ್ನಡದವನು ಕನ್ನಡದಲ್ಲೇ ಆಡಿದ ಮಾತು ತಿಳಿಯಲಿಲ್ಲವೆಂದು ಹೇಗೆ ಹೇಳುವುದು? ಕನ್ನಡದಲ್ಲಿ ಎಂ.ಎ. ಮಾಡಿದ ನಾನು?

ಶುಕ್ರವಾರ ಅವ್ವ ಮಡಿ ಉಟ್ಟು, ಬಟ್ಟಲಲ್ಲಿ ಎಳ್ಳೆಣ್ಣೆ ಹಿಡಿದು, ಪಾಯದ ನಾಲ್ಕು ಮೂಲೆಗೂ ಚಮಚದಿಂದ ಚಿಮುಕಿಸಿದಳು. ಮೇಸ್ತ್ರಿ ಕೈ ಮುಗಿದು ನಿಂತಿದ್ದ. ಎರಡು ದಿನ ಬಿಟ್ಟು ಪಕ್ಕದವರು ಗೇಟಿನಲ್ಲಿ ಸಿಕ್ಕು, "ಹೊಡಸಿದ್ರೇನು?" ಎಂದರು. "ಹೊಡಸೇವ್ರಿ ಅಣ್ಣಾರ," ಎಂದಳು ಅವ್ವ. ಅವರು ಹೂಂ ಎಂದು ಹೋದರು. ಹೋಗುವಾಗ ಅವರ ಮುಖ ಹೇಗಿತ್ತು? ಈಗ ನೆನಪಿಸಿಕೊಳ್ಳಲು ಎಷ್ಟು ಯತ್ನಿಸಿದರೂ ಆ ಮುಖ ಒಮ್ಮೆ ಗಂಭೀರವಾಗಿ, ಒಮ್ಮೆ ನಗು ತಡೆದುಕೊಂಡಂತೆ ಕಾಣುತ್ತದೆ. ಎರಡೂ ನಾನೇ ಬರೆದುಕೊಂಡ ಮುಖಗಳಿರಬಹುದು.

ಆರು ವರ್ಷದ ಮೇಲೆ ಗೆದ್ದಲು ಬಂತು. ಅವರ ಕಡೆಯ ಗೋಡೆಯ ಬುಡದಿಂದ ಎದ್ದ ಮಣ್ಣಿನ ಗೆರೆಗಳು ನಮ್ಮ ಪುಸ್ತಕದ ಕಪಾಟಿನ ಹಿಂದೆ ಆಳೆತ್ತರ ಹತ್ತಿದ್ದವು. ದೇವರ ಮನೆಯ ಚೌಕಟ್ಟನ್ನು ಒರೆಸಲು ಹೋದರೆ ಬೆರಳು ಒಳಗೆ ಇಳಿಯಿತು. ಅದೇ ವಾರ ಅವರ ಸ್ಟೋರ್ ಕೋಣೆಯ ಚೌಕಟ್ಟೂ ಕುಸಿದಿತ್ತು. ಅಷ್ಟು ಕಾವಲು ಕಾದ ಮನೆ!

ಅವತ್ತು ಸಂಜೆ ನಮ್ಮ ಮನೆಯಲ್ಲಿ ಭಜನೆ. ಗಲ್ಲಿಯ ಏಳೆಂಟು ಹೆಂಗಸರು ಕೂತಿದ್ದರು. ಪಕ್ಕದವರು ಕೊಳೆತ ಚೌಕಟ್ಟಿನ ತುಂಡನ್ನು ಕೈಯಲ್ಲಿ ಹಿಡಿದು ನೇರ ಒಳಗೆ ಬಂದು, ಅದನ್ನು ಜಮಖಾನದ ನಡುವೆ ಒಗೆದರು. ಬಿಳಿ ಹುಳಗಳು ಚೆಲ್ಲಿದವು. ಹೆಂಗಸರು ಸೆರಗು ಎತ್ತಿಕೊಂಡು ಎದ್ದರು.

"ಎಣ್ಣಿ ಹೊಡಸೀವಿ ಅಂದ್ರಲ್ಲ? ಇದೇನಿದು? ನಿಮ್ಮ ಪಾಯಾದಾಗಿಂದ ಎದ್ದು ನನ್ನ ಮನೀಗೆ ಬಂದಾವ!"

ಅವ್ವ ದೇವರ ಪಟದ ಕಡೆ ಕೈ ಚಾಚಿದಳು. "ಹೊಡಸೇವ್ರಿ ಅಣ್ಣಾರ. ದೇವರಾಣಿ. ನಾನ ನನ್ನ ಕೈಯಾರೆ ನಾಕೂ ಮೂಲಿಗೆ ಹಾಕೇನಿ."

"ಹಾಕ್ಯಾಳಂತ! ದೇವರ ಮುಂದ ಕೂತು ಸುಳ್ಳ ಹೇಳ್ತಾಳ ಮುದುಕಿ. ಕಲತವರ ಮನಿ ನೋಡ್ರಿ ಇದು!" ಎರಡನೆಯ ಸಲ ಅದನ್ನೇ ತೆಲುಗಿನಲ್ಲೂ ಹೇಳಿದರು, ಹೆಂಗಸರಿಗೆ ತಿಳಿಯಲಿ ಎಂದು.

ಡೈರಿಯಲ್ಲಿ ಆ ದಿನ: "ಜಗಳ. ಅವ್ವ ಊಟ ಮಾಡಲಿಲ್ಲ." ಅವರ ಮಾತುಗಳೆಲ್ಲ ನನ್ನ ನೆನಪಿನವು. ಮುದುಕಿ ಎಂದರೋ ಇಲ್ಲವೋ, ಖಾತ್ರಿಯಿಲ್ಲ. ಅವ್ವನ ಪ್ರಕಾರ ಮುದುಕಿ ಎನ್ನಲಿಲ್ಲ, "ಸುಳ್ಳಿ" ಎಂದರು. ಅವಳಿಗೆ ಚುಚ್ಚಿದ ಶಬ್ದ ಅದೊಂದೇ. ಅಪ್ಪನ ಆಫೀಸಿನ ಗುಮಾಸ್ತರು ಕೂಡ "ಅಮ್ಮಾರು ಹೇಳಿದ್ರ ಮುಗೀತು" ಎನ್ನುವಂತೆ ಬದುಕಿದವಳು ಅವಳು. ಮಾರನೆಯ ವಾರ ಭಜನೆ ಬೇರೆ ಮನೆಗೆ ಹೋಯಿತು. ಅವ್ವ ಹೋಗಲಿಲ್ಲ. ಆಮೇಲೆ ಎಂದೂ ಹೋಗಲಿಲ್ಲ. ತರಕಾರಿ ಗಾಡಿ ಬಂದರೂ ಬಾಗಿಲಿಗೆ ಬರದೆ, ಕಿಟಕಿಯಿಂದಲೇ ಬೇಕಾದ್ದು ಹೇಳುತ್ತಿದ್ದಳು.

ಔಷಧ ಹೊಡೆಯುವವರನ್ನು ಕರೆಸಿದೆ. ವಾಸನೆ ಅವ್ವನಿಗೆ ಆಗುವುದಿಲ್ಲವೆಂದು ಅವಳನ್ನು ಶಂಶಾಬಾದಿನ ಚಿಕ್ಕವ್ವನ ಮನೆಗೆ ಕಳಿಸಿದ್ದೆ. ಬಂದವನು ಐವತ್ತರ ಆಸುಪಾಸಿನ, ಯಾದಗಿರಿ ಕಡೆಯ ಮನುಷ್ಯ. ಡ್ರಿಲ್ ಬಿಚ್ಚುತ್ತ, ಕನ್ನಡ ಕೇಳಿದ ಖುಷಿಯಲ್ಲಿ ಮಾತಿಗೆ ನಿಂತ.

"ಕಟ್ಟುವಾಗ ಪಾಯಾಕ್ಕ ಎಣ್ಣಿ ಹೊಡಸಿದ್ದಿಲ್ಲೇನ್ರಿ ಅಕ್ಕಾ?"

"ಯಾವ ಎಣ್ಣಿ?"

"ಯಾವ ಎಣ್ಣಿ ಅಂದ್ರ? ಹತ್ತಿಗೆ, ತೊಗರಿಗೆ ಹೊಡಿತೀವಲ್ರಿ, ಹುಳಕ್ಕ. ಅದ. ನಮ್ಮ ಕಡಿ ಔಷಧಕ್ಕ ಎಣ್ಣಿನ ಅಂತೀವಿ." ನನ್ನ ಮುಖ ನೋಡಿ ನಕ್ಕ. "ನೀವು ಅಡಗಿ ಎಣ್ಣಿ ಅನ್ಕೊಂಡ್ರೇನು ಮತ್ತ?"

ನಾನೂ ನಕ್ಕೆ. ಅವನು ಕೆಲಸಕ್ಕೆ ಹತ್ತಿದ ಮೇಲೆ ಅಡುಗೆಮನೆಗೆ ಹೋಗಿ ನಿಂತುಕೊಂಡೆ. ನೆಲ ಕೊರೆಯುವ ಸದ್ದಿಗೆ ಪಾತ್ರೆಗಳು ನಡುಗುತ್ತಿದ್ದವು.

ಅವ್ವ ಸುಳ್ಳು ಹೇಳಿರಲಿಲ್ಲ, ಪಕ್ಕದವರೂ ಹೇಳಿರಲಿಲ್ಲ. ಪಕ್ಕದ ಗೇಟಿಗೆ ಹೋಗಿ ಎರಡು ವಾಕ್ಯ ಹೇಳಿದ್ದರೆ ಅವ್ವನ ಹೆಸರು ಉಳಿಯುತ್ತಿತ್ತು. ಆದರೆ ನಮ್ಮ ದಡ್ಡತನದಿಂದ ಅವರ ಮನೆಯೂ ಹಾಳಾಯಿತೆಂದು ಒಪ್ಪಿಕೊಂಡಂತೆಯೂ ಆಗುತ್ತಿತ್ತು. ಅವ್ವನಿಗೆ ಹೇಳಿದರೆ, ಗೆದ್ದಲಿಗೆ ಮನೆ ತಿನ್ನಿಸಿದವಳು ತಾನೇ ಎಂದು ಕೊರಗುತ್ತಾಳೆ ಎಂಬುದೊಂದು ನೆಪ. ನೆಪ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದನ್ನು ಕರುಣೆ ಎಂದುಕೊಂಡಿದ್ದೆ.

ಯಾದಗಿರಿಯವನು ಇನ್ನೊಂದು ಮಾತು ಹೇಳಿದ: ಆ ಗೋಡೆಗೆ ಎರಡೂ ಕಡೆಯಿಂದ ತೂತು ಕೊರೆದು ಔಷಧ ಇಳಿಸಬೇಕು, ಒಂದೇ ಕಡೆ ಹೊಡೆದರೆ ಹುಳ ಮತ್ತೆ ಬರುತ್ತವೆ. ಅದಕ್ಕಾಗಿ ಪಕ್ಕದ ಮನೆಗೆ ಹೋಗಲೇಬೇಕಾಯಿತು. ಅವರು ಗೇಟು ತೆರೆಯದೆ, ಒಳಗಿನಿಂದಲೇ ಕೇಳಿಸಿಕೊಂಡರು.

"ನನ್ನ ಕಡಿ ಕಟ್ಟುವಾಗ ಎಣ್ಣಿ ಹೊಡದೈತಿ. ನಾ ಸುಳ್ಳ ಹೇಳಂಗಿಲ್ಲ. ಸುಳ್ಳ ಹೇಳೋರಿಗೆ ನನ್ನ ಮನ್ಯಾಗ ಕಾಲಿಡಾಕ ಜಾಗಾ ಇಲ್ಲ."

ಹೇಳುವುದಿದ್ದರೆ ಹೇಳಬೇಕಾದ ಗಳಿಗೆ ಅದೇ. ಮಾತು ಬಾಯಿಯವರೆಗೆ ಬಂದಿತ್ತು. ಆದರೆ ನಾನು ಹೇಳಿದ್ದು: "ನಿಮ್ಮ ಮನಿ ಬಿದ್ದು ಹೋಗ್ಲಿ."

"ಬಿದ್ರ ನಿಮ್ಮ ಮ್ಯಾಲ ಬೀಳ್ತದ, ಪ್ರೊಫೆಸರಬಾಯಾರ. ಗೋಡಿ ಒಂದ."

ಐದು ವರ್ಷ ಹಾಗೇ ನಡೆಯಿತು. ಪ್ರತಿ ಮಳೆಗಾಲದ ನಂತರ ನಾವು ನಮ್ಮ ಕಡೆ ಔಷಧ ಹೊಡೆಸುವುದು, ಒಂದಷ್ಟು ತಿಂಗಳಿಗೆ ಮಣ್ಣಿನ ಗೆರೆ ಮತ್ತೆ ಏಳುವುದು. ದೇವರ ಮನೆಯ ಚೌಕಟ್ಟು ತೆಗೆಸಿ ಕಬ್ಬಿಣದ್ದು ಹಾಕಿಸಿದೆ. ಅವರು ತಮ್ಮ ಕಡೆ ಟಾರ್ಚ್ ಹಿಡಿದು ಬಗ್ಗಿ ನಡೆಯುತ್ತಲೇ ಇದ್ದರು, ಪ್ರತಿ ವರ್ಷ ಇನ್ನಷ್ಟು ಬಗ್ಗಿ. ಕೊನೆಯ ವರ್ಷ ಗೋಡೆ ಹಿಡಿದೇ ನಡೆಯುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕನಿಕರ ಬಂತೇ? ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವರು ಎಡವಲಿ ಎಂದುಕೊಂಡದ್ದು ಮಾತ್ರ ನೆನಪಿದೆ.

ಅವರು ತೀರಿಕೊಂಡು ಹದಿಮೂರನೆಯ ದಿನ ಕಳೆದ ಮೇಲೆ ಅವರ ಮನೆಗೆ ಮಾತಾಡಿಸಲು ಹೊರಟೆ. ಅವ್ವನನ್ನು ಕರೆದೆ.

"ನೀ ಹೋಗಿ ಬಾ. ಸುಳ್ಳಿ ಆ ಮನಿ ಹೊಸ್ತಲಾ ಯಾಕ ದಾಟಬೇಕು?" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವರು ಸತ್ತರೂ ಆ ಶಬ್ದ ಅವಳ ಪಾಲಿಗೆ ಸತ್ತಿರಲಿಲ್ಲ. ಈಗಾದರೂ ಹೇಳಿಬಿಡಬೇಕು ಎಂದು ನಾನು ಗಟ್ಟಿ ಮಾಡಿಕೊಂಡದ್ದು ಆಗಲೇ. ಅವರಿಗಂತೂ ಹೇಳುವಂತಿರಲಿಲ್ಲ, ಅವರ ಹೆಂಡತಿಗಾದರೂ.

ಅವರನ್ನು ನಾನು ಕರೆಯುತ್ತಿದ್ದುದು ವೈನಿ ಎಂದು, ಅತ್ತಿಗೆ ಎನ್ನುವ ಹಾಗೆ. ಒಳ್ಳೆಯ ಹೆಂಗಸು. ಗಂಡನಿಗೆ ಕಾಣದಂತೆ ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದವರು. ಚಹಾ ಕೊಟ್ಟು, ನಾನು ಬಾಯಿ ಬಿಡುವ ಮೊದಲೇ, "ನಮ್ಮ ಕಡಿನೂ ತೂತ ಹೊಡಸಿಬಿಡ್ರಿ ಇನ್ನ. ಬ್ಯಾಡ ಅನ್ನೋರು ಹ್ವಾದ್ರು," ಎಂದರು.

"ವೈನಿ, ಒಂದ್ ಮಾತ ಹೇಳಬೇಕು. ನಾವು ಪಾಯಾಕ್ಕ ಔಷಧ ಹೊಡಸಿದ್ದೇ ಇಲ್ಲ. ಎಣ್ಣಿ ಅಂದ್ರ ನಮಗ ತಿಳೀಲಿಲ್ಲ. ಅವ್ವ ಖರೇನ ಎಣ್ಣಿ ಹಾಕಿದ್ಲು."

ವೈನಿ ಸೆರಗು ಬಾಯಿಗೆ ಹಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಗೊತ್ತೈತ್ರಿ ನಮಗ. ಅವತ್ತು ಇವರು ಮಾಳಗಿ ಮ್ಯಾಲ ನಿಂತು ನೋಡ್ಯಾರ. ನಿಮ್ಮವ್ವಾರು ಚಮಚದಾಗ ಎಣ್ಣಿ ಹಿಡಕೊಂಡು ನಾಕೂ ಮೂಲಿಗೆ ತಿರಗೂದು. ಕೆಳಗ ಬಂದು ಹೊಟ್ಟಿ ಹಿಡಕೊಂಡು ನಕ್ರು. ಅವರು ಹಂಗ ನಕ್ಕದ್ದು ನಾ ಮತ್ತ ನೋಡಿಲ್ಲ. ನಾ ಅಂದೆ, ಪಾಪ, ಹೋಗಿ ತಿಳಿಸಿ ಹೇಳ್ರಿ ಅಂತ. 'ಎಮ್ಮೆ ಓದಿದ ಮಂದಿ, ತಾವಾ ತಿಳಕೋತಾರ ಬಿಡು' ಅಂದ್ರು."

ಎಂ.ಎ. ಎಂಬುದನ್ನು ಎಮ್ಮೆ ಎನ್ನುವುದು ಅವರ ಹಳೆಯ ಕುಚೋದ್ಯವಂತೆ. ವೈನಿ ಅದನ್ನೂ ಪ್ರೀತಿಯಿಂದಲೇ ಹೇಳಿದರು.

ಹಾಗಾದರೆ ಭಜನೆಯ ದಿನ, ಅವ್ವ ದೇವರಾಣೆ ಹಾಕಿದಾಗ, ಅವಳು ನಿಜ ಹೇಳುತ್ತಿದ್ದಾಳೆಂದು ಆ ಕೋಣೆಯಲ್ಲಿ ತಿಳಿದಿದ್ದವರು ಅವರೊಬ್ಬರೇ. ತಿಳಿದೂ ಸುಳ್ಳಿ ಎಂದರು. ತಮ್ಮ ಕಾವಲು ಸೋತಿತ್ತು; ಯಾರ ಮೇಲಾದರೂ ಹಾಕಬೇಕಿತ್ತು. ಅಥವಾ ವೈನಿಯ ನೆನಪೇ ತಪ್ಪೇ? ಭಜನೆಯ ದಿನ ಅವ್ವ ಕೂಗಿ ಹೇಳಿದ್ದನ್ನು ಕೇಳಿ, ಆಮೇಲೆ ಕಟ್ಟಿಕೊಂಡ ಚಿತ್ರವೇ? ನಾಲ್ಕು ಮೂಲೆ ಎಂದು ಅವ್ವ ಅಂದಿದ್ದಳು. ಚಮಚ ಎಂದಿದ್ದಳೇ? ಎಷ್ಟು ಯೋಚಿಸಿದರೂ ಎಂದಂತೆ ನೆನಪಿಲ್ಲ. ಅಷ್ಟರ ಮೇಲೆ ನಾನು ವೈನಿಯನ್ನು ನಂಬಿದ್ದೇನೆ. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದ ತಪ್ಪು ನನ್ನದೊಬ್ಬಳದೇ ಅಲ್ಲವೆಂದು ತಿಳಿದಾಗ ನನಗಾದದ್ದು ದುಃಖವಲ್ಲ, ಹಗುರ. ಅದಕ್ಕಾಗಿಯೂ ನಂಬಿರಬಹುದು.

ಮನೆಗೆ ಬಂದಾಗ ಅವ್ವ ಎದ್ದು ಕೂತಿದ್ದಳು. "ಏನಂದ್ಲು?"

ಪೂರ್ತಿ ಹೇಳಿದರೆ ಎಣ್ಣೆ ಎಂದರೇನೆಂದು ಹೇಳಬೇಕು. ಮನೆ ಹಾಳಾದದ್ದು ತನ್ನ ಬಟ್ಟಲಿನಿಂದ ಎಂದು ಅವಳಿಗೆ ತಿಳಿಯುತ್ತದೆ. ಆ ನಗುವನ್ನೂ ಹೇಳಬೇಕಾಗುತ್ತದೆ. ನಾನು ಅರ್ಧ ಹೇಳಿದೆ.

"ನೀನು ಎಣ್ಣಿ ಹಾಕಿದ್ದು ಅವರು ಅವತ್ತ ಮಾಳಗಿ ಮ್ಯಾಲಿಂದ ನೋಡಿದ್ರಂತ."

ಅವ್ವ ನನ್ನ ಕಡೆ ತಿರುಗಿದಳು. "ಹಂಗಾದ್ರ ನಾ ಸುಳ್ಳ ಹೇಳಿಲ್ಲಂತ ಗೊತ್ತಿತ್ತೇನು ಅವರಿಗೆ?"

"ಗೊತ್ತಿತ್ತಂತ."

"ಮತ್ತ ಯಾಕ ಹಂಗ ಅಂದ್ರು?"

"ಸಿಟ್ಟಿನಾಗ."

"ಹೌದು, ಮನಿ ಹಾಳಾದ ಸಿಟ್ಟು," ಎಂದಳು ಅವ್ವ. ಕಣ್ಣು ಒರೆಸಿಕೊಂಡಳು. "ಪಾಪ. ನೋಡ್ಯಾರಂತ ನೋಡು. ಗೊತ್ತಿತ್ತಂತ." ಎದ್ದು ಮುಖ ತೊಳೆದು, ಸೀರೆ ಬದಲಿಸಿ, ನನ್ನನ್ನು ಕರೆಯದೆ ತಾನೊಬ್ಬಳೇ ಆ ಮನೆಗೆ ಹೋಗಿ ಒಂದು ತಾಸು ಕೂತು ಬಂದಳು. ವೈನಿ ಏನು ಹೇಳಿಬಿಡುತ್ತಾರೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಏನೂ ಹೇಳಿರಲಿಲ್ಲ.

ಈಗ ಅವ್ವ ಭಜನೆಗೆ ಹೋಗುತ್ತಾಳೆ. ಅಲ್ಲಿಯೂ, ತರಕಾರಿ ಗಾಡಿಯ ಮುಂದೆಯೂ, ಶಂಶಾಬಾದಿನ ಚಿಕ್ಕವ್ವನ ಜೊತೆ ಫೋನಿನಲ್ಲೂ ಹೇಳುತ್ತಾಳೆ: "ಬಾಯಿ ಜೋರಿತ್ತು, ಮನುಷ್ಯಾ ಒಳ್ಳೇವರಿದ್ರು." ನಮ್ಮ ಮನೆಯಲ್ಲಿ, ಅರ್ಧ ಮಾತು ಹೇಳಿ, ಅವರಿಗೆ ಒಳ್ಳೆಯವರೆಂಬ ಹೆಸರು ಕೊಟ್ಟವಳು ನಾನು. ಅವ್ವ ಆ ಮಾತು ಶುರು ಮಾಡಿದರೆ ನಾನು ಎದುರು ಆಡುವುದಿಲ್ಲ. ಎದ್ದು ಒಳಗೆ ಹೋಗುತ್ತೇನೆ.